ಹಕಲ್‌ಬೆರಿ ಫಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಕ್ ಟ್ವೈನ್ ಬರೆದ 'ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್' ಕಾದಂಬರಿಯ ಮಾತು ಬಂದಾಗೆಲ್ಲ ಅವೇ ಕೆಲವು ಪ್ರಶ್ನೆಗಳು ತಿರುಗಿ ಬರುತ್ತವೆ. ಇನ್ನೂ ಓದದವರು ಕೇಳುವುದು ಒಂದು ಥರ, ಅರ್ಧಕ್ಕೆ ಬಿಟ್ಟವರು ಕೇಳುವುದು ಇನ್ನೊಂದು ಥರ, ಕ್ಲಾಸಿನಲ್ಲಿ ಪಾಠ ಮಾಡುವವರದ್ದು ಮತ್ತೊಂದು. ಅವರವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಕಥೆ ಹೇಗೆ ಮುಗಿಯುತ್ತೆ ಅನ್ನುವುದೂ ಇದರಲ್ಲಿ ಬರುತ್ತದೆ. ಅದು ಬೇಡ ಅನ್ನುವವರು ಮೊದಲ ಭಾಗ ಓದಿ ಪುಸ್ತಕಕ್ಕೆ ಹೋಗಿ.

## ಓದುವ ಮುಂಚೆ

ಕಥೆ ಏನು? ಚಿಕ್ಕದಾಗಿ ಹೇಳಿ ಸಾಕು.

ಹಕ್‌ಗೆ ಹದಿಮೂರೋ ಹದಿನಾಲ್ಕೋ ವಯಸ್ಸು. ತಾಯಿ ಇಲ್ಲ, ಅಪ್ಪ ಊರಿಗೇ ಹೆಸರಾದ ಕುಡುಕ. ಮಿಸಿಸಿಪ್ಪಿ ನದಿ ದಂಡೆಯ ಪುಟ್ಟ ಊರಿನಲ್ಲಿ ಡಗ್ಲಸ್ ಅನ್ನುವ ವಿಧವೆ ಅವನನ್ನು ಸಾಕಿಕೊಂಡಿದ್ದಾಳೆ. ಅಪ್ಪ ಬಂದು ಹುಡುಗನನ್ನು ಎಳೆದುಕೊಂಡು ಹೋಗಿ ಕಾಡಿನ ಗುಡಿಸಲಲ್ಲಿ ಕೂಡಿಹಾಕಿ ಹೊಡೆಯುತ್ತಾನೆ. ಹಕ್ ಒಂದು ಹಂದಿ ಕೊಂದು, ಅದರ ರಕ್ತ ಚೆಲ್ಲಿ, ತನ್ನದೇ ಕೊಲೆಯಾದ ಹಾಗೆ ಕಾಣಿಸಿ ಓಡಿಹೋಗುತ್ತಾನೆ. ಅದೇ ಹೊತ್ತಿಗೆ, ಆ ಮನೆಯಲ್ಲೇ ಇರುವ ವಿಧವೆಯ ಸೋದರಿ ಮಿಸ್ ವಾಟ್ಸನ್ ತನ್ನ ಗುಲಾಮ ಜಿಮ್‌ನನ್ನು 800 ಡಾಲರಿಗೆ ದಕ್ಷಿಣಕ್ಕೆ ಮಾರುವ ಮಾತು ಆಡುತ್ತಾಳೆ. ಅದು ಕಿವಿಗೆ ಬಿದ್ದದ್ದೇ ಜಿಮ್ ಕೂಡ ಪರಾರಿ. ಇಬ್ಬರೂ ಒಂದು ನಡುಗಡ್ಡೆಯಲ್ಲಿ ಎದುರಾಗುತ್ತಾರೆ. ಒಂದು ತೆಪ್ಪ ಸಿಗುತ್ತದೆ. ಹಗಲು ಅಡಗಿ, ರಾತ್ರಿ ನದಿ ಇಳಿಯುತ್ತಾ ಹೋಗುತ್ತಾರೆ. ಅವರ ಗುರಿ ಜಿಮ್‌ನ ಬಿಡುಗಡೆ, ಆದರೆ ನದಿ ಹರಿಯುವುದು ಗುಲಾಮಗಿರಿ ಇನ್ನೂ ಜಾಸ್ತಿ ಇರುವ ಕಡೆಗೆ.

ಟಾಮ್ ಸಾಯರ್ ಓದಿದ್ದೀನಿ. ಇದು ಅದರ ಎರಡನೇ ಭಾಗ ತಾನೇ? ಮಕ್ಕಳಿಗೆ ಕೊಡಬಹುದಾ?

ಪಾತ್ರಗಳು ಅವೇ, ಊರೂ ಅದೇ. ಪುಸ್ತಕ ಮಾತ್ರ ಬೇರೆ ಜಾತಿಯದು. 1876ರಲ್ಲಿ ಬಂದ 'ಟಾಮ್ ಸಾಯರ್' ಬೇಸಿಗೆ ರಜೆಯ ಕಥೆ. ಇದರಲ್ಲಿ ಹದಿಮೂರು ಕೊಲೆಗಳೋ ಹದಿನಾಲ್ಕೋ, ಲೆಕ್ಕ ಹಾಕುವುದನ್ನೇ ಬಿಡಬೇಕು, ಅಷ್ಟು ಹೆಣ ಬೀಳುತ್ತವೆ. ಹತ್ತು ವರ್ಷದ ಮಗುವಿಗೆ ಟಾಮ್ ಕೊಡಿ. ಹಕ್‌ಗೆ ಹದಿನಾಲ್ಕು ದಾಟಲಿ, ಪಕ್ಕದಲ್ಲಿ ಮಾತಾಡೋಕೆ ಒಬ್ಬ ದೊಡ್ಡವರೂ ಇರಲಿ. ಸಣ್ಣವಯಸ್ಸಿನಲ್ಲಿ ಸಂಕ್ಷಿಪ್ತ ರೂಪ ಓದಿ "ಗೊತ್ತು ಬಿಡಿ" ಅಂದುಕೊಂಡಿರುವವರು ಇನ್ನೂ ಓದಿಲ್ಲ ಅಂತಲೇ ಅರ್ಥ.

ಇಂಗ್ಲಿಷ್ ಓದೋಕೇ ಆಗ್ತಿಲ್ಲ. ಸ್ಪೆಲಿಂಗೆಲ್ಲ ತಪ್ಪು ತಪ್ಪು!

ಬೇಕಂತಲೇ ಹಾಗೆ ಬರೆದಿದ್ದಾನೆ. ಮಿಸೌರಿ ಸೀಮೆಯ ಹಲವು ಆಡುನುಡಿಗಳನ್ನು ಕಷ್ಟಪಟ್ಟು ಬಳಸಿದ್ದೇನೆ ಅಂತ ಪುಸ್ತಕದ ಶುರುವಿನಲ್ಲೇ ಟ್ವೈನ್ ಹೇಳಿಕೊಂಡಿದ್ದಾನೆ. ಕಣ್ಣಲ್ಲಿ ಓದಬೇಡಿ, ಬಾಯಿ ಬಿಟ್ಟು ಓದಿ. ಜಿಮ್‌ನ ಮಾತುಗಳನ್ನಂತೂ ಜೋರಾಗಿಯೇ ಓದಬೇಕು. ನಾಲ್ಕೈದು ಅಧ್ಯಾಯ ಆಗುವ ಹೊತ್ತಿಗೆ ಕಿವಿ ಹೊಂದಿಕೊಳ್ಳುತ್ತದೆ.

ಕಥೆ ನಡೆಯೋದು ಯಾವಾಗ, ಬರೆದಿದ್ದು ಯಾವಾಗ? ಎರಡೂ ಒಂದೇ ಕಾಲ ಅಲ್ವಾ?

ಅಲ್ಲ. ಈ ಅಂತರ ಗೊತ್ತಿಲ್ಲದಿದ್ದರೆ ಅರ್ಧ ಪುಸ್ತಕ ಕೈತಪ್ಪುತ್ತದೆ. ಕಥೆ ನಡೆಯುವುದು ಸುಮಾರು 1835ರಿಂದ 1845ರ ನಡುವೆ. ಟ್ವೈನ್ ಬರೆಯಲು ಕೂತಿದ್ದು 1876ರ ಬೇಸಿಗೆಯಲ್ಲಿ. ಹದಿನಾರನೇ ಅಧ್ಯಾಯದ ಹೊತ್ತಿಗೆ ಸ್ಟೀಮ್‌ಬೋಟ್ ಒಂದು ತೆಪ್ಪಕ್ಕೆ ಗುದ್ದುತ್ತದಲ್ಲ, ಆ ಸುತ್ತಮುತ್ತ ಅವನ ಪೆನ್ನೂ ನಿಂತಿತು. ಹಸ್ತಪ್ರತಿ ವರ್ಷಗಟ್ಟಲೆ ಪಕ್ಕಕ್ಕೆ ಬಿತ್ತು. 1882ರಲ್ಲಿ ಮತ್ತೆ ಮಿಸಿಸಿಪ್ಪಿಗೆ ಹೋಗಿಬಂದ ಮೇಲೆ, 1883ರಲ್ಲಿ ಪೂರ್ತಿ ಮಾಡಿದ. ಇಂಗ್ಲೆಂಡ್ ಮತ್ತು ಕೆನಡಾದಲ್ಲಿ 1884ರ ಡಿಸೆಂಬರಿನಲ್ಲಿ ಬಂತು, ಅಮೆರಿಕದಲ್ಲಿ 1885ರ ಫೆಬ್ರವರಿಯಲ್ಲಿ. (ತಡವಾಗಿದ್ದಕ್ಕೆ ಒಂದು ತಮಾಷೆಯ ಕಾರಣವೂ ಇದೆ. ಯಾರೋ ಕಿಡಿಗೇಡಿ ಒಂದು ಚಿತ್ರದ ಅಚ್ಚಿನಲ್ಲಿ ಅಸಭ್ಯವಾಗಿ ಏನೋ ಕೆತ್ತಿಬಿಟ್ಟಿದ್ದ. ಆ ಹಾಳೆ ಕಿತ್ತು ಬೇರೆ ಅಂಟಿಸಬೇಕಾಯಿತು.)

ನಡುವೆ ಅಂತರ್ಯುದ್ಧ ನಡೆದು, 1865ರಲ್ಲಿ 13ನೇ ತಿದ್ದುಪಡಿಯಿಂದ ಗುಲಾಮಗಿರಿ ಕಾನೂನಿನಲ್ಲಿ ಹೋಗಿತ್ತು. ಅಂದರೆ ಮೊದಲ ಓದುಗರಿಗೆ ಗುಲಾಮಗಿರಿ ತಪ್ಪು ಅಂತ ಗೊತ್ತು, ಹಕ್‌ಗೆ ಗೊತ್ತಿಲ್ಲ. ಇಡೀ ಪುಸ್ತಕದ ವ್ಯಂಗ್ಯ ನಿಂತಿರುವುದು ಈ ಸಂದಿಯಲ್ಲಿ.

ಗುಲಾಮ ಅಂದ್ರೆ ನಮ್ಮ ಕಡೆ ಜೀತದಾಳು ಇದ್ದರಲ್ಲ, ಹಾಗೇನಾ?

ಕಷ್ಟದಲ್ಲಿ ಹೋಲಿಕೆ ಕಾಣಬಹುದು, ಕಾನೂನಿನಲ್ಲಿ ಇಲ್ಲ. ಜೀತ ಸಾಲದ ಹೆಸರಲ್ಲಿ ನಡೆಯುತ್ತಿತ್ತು. ಅಮೆರಿಕದಲ್ಲಿ ಗುಲಾಮ ಅಂದರೆ ಆಸ್ತಿ. ಹುಟ್ಟುವ ಮಗುವೂ ತಾಯಿಯ ಒಡೆಯನಿಗೇ ಸೇರಿದ್ದು. ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಇನ್ನೊಂದು ಕಡೆ ಮಾರಬಹುದಿತ್ತು. ಓಡಿಹೋದವನಿಗೆ ನೆರವಾದರೆ ಅದು ಒಡೆಯನ ಆಸ್ತಿ ಕದ್ದ ಹಾಗೆ. ಹಕ್‌ನ ಮನಸ್ಸಿನಲ್ಲೂ ಇದೇ ಇದೆ: ನಾನು ಪಾಪ ಮಿಸ್ ವಾಟ್ಸನ್‌ಳ ವಸ್ತು ಕದಿಯುತ್ತಿದ್ದೇನೆ ಅಂತ. ಜಾತಿಗೂ ಇದಕ್ಕೂ ಹೋಲಿಸಿ ಬೇಕಾದಷ್ಟು ಬರೆದಿದ್ದಾರೆ. ಹೋಲಿಸಲಿ, ಆದರೆ ಮೊದಲ ಓದಿಗೆ ಅಲ್ಲಿನದನ್ನು ಅಲ್ಲಿನ ಲೆಕ್ಕದಲ್ಲೇ ನೋಡಿ.

ನದಿ ಆಚೆ ದಡದಲ್ಲೇ ಇಲಿನಾಯ್, ಅಲ್ಲಿ ಗುಲಾಮಗಿರಿ ಇಲ್ಲ. ಜಿಮ್ ಸುಮ್ನೆ ದಾಟೋದು ಬಿಟ್ಟು ದಕ್ಷಿಣಕ್ಕೆ ಯಾಕೆ ಹೋದ?

ಮ್ಯಾಪ್ ಹಿಡಿದು ಓದುವ ಎಲ್ಲರೂ ಕೇಳುವ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆಯೂ ಹೌದು. ಇಲಿನಾಯ್ ಹೆಸರಿಗೆ ಸ್ವತಂತ್ರ ರಾಜ್ಯ. ಆದರೆ ಅಲ್ಲಿನ ಕಾನೂನಿನ ಪ್ರಕಾರ, ಸ್ವತಂತ್ರ ಅನ್ನುವ ಕಾಗದ ತೋರಿಸಲಾಗದ ಕಪ್ಪು ಮನುಷ್ಯನನ್ನು ಪರಾರಿಯಾದವನು ಅಂತ ಹಿಡಿಯಬಹುದಿತ್ತು. ಅದರ ಮೇಲೆ 1793ರ ಕೇಂದ್ರ ಕಾನೂನು ಬೇರೆ, ಓಡಿಹೋದ ಗುಲಾಮನನ್ನು ಯಾವ ರಾಜ್ಯದಿಂದ ಬೇಕಾದರೂ ಒಡೆಯ ವಾಪಸ್ ಎಳೆದುಕೊಂಡು ಹೋಗಬಹುದು. ಜೊತೆಗೆ ಹಕ್‌ನನ್ನು ಕೊಂದವನು ಜಿಮ್ ಅಂತ ಊರಿನವರ ಗುಮಾನಿ, ಅವನ ತಲೆಗೆ 300 ಡಾಲರ್ ಬಹುಮಾನ. ಎದುರು ದಡದಲ್ಲೂ ಜನ ಅದೇ ದುಡ್ಡಿನ ಆಸೆಗೆ ಕಣ್ಣಿಟ್ಟಿದ್ದಾರೆ.

ಜಿಮ್ ಇದನ್ನೆಲ್ಲ ಯೋಚಿಸಿಯೇ ಹೊರಟವನು. ಎಂಟನೇ ಅಧ್ಯಾಯದಲ್ಲಿ ಅವನ ಲೆಕ್ಕಾಚಾರ ಇದೆ: ನಡೆದರೆ ನಾಯಿಗಳು ವಾಸನೆ ಹಿಡಿಯುತ್ತವೆ, ದೋಣಿ ಕದ್ದರೆ ದೋಣಿ ಕಾಣದ್ದು ಗೊತ್ತಾಗಿ ಯಾವ ಕಡೆ ಇಳಿದ ಅಂತ ಹುಡುಕುತ್ತಾರೆ, ತೆಪ್ಪವಾದರೆ ಜಾಡು ಉಳಿಯೋದಿಲ್ಲ. ಮುಂದಿನ ಯೋಜನೆ ಕೇರೋ ಊರಿನದು. ಅಲ್ಲಿ ಒಹಾಯೊ ನದಿ ಬಂದು ಮಿಸಿಸಿಪ್ಪಿಗೆ ಸೇರುತ್ತದೆ. ತೆಪ್ಪ ಮಾರಿ, ಸ್ಟೀಮ್‌ಬೋಟ್ ಹತ್ತಿ, ಒಹಾಯೊ ಮೇಲಕ್ಕೆ ಸ್ವತಂತ್ರ ರಾಜ್ಯಗಳ ಒಳಕ್ಕೆ ಹೋಗುವುದು. ಮಂಜು ಕವಿದ ಒಂದು ರಾತ್ರಿಯಲ್ಲಿ ಕೇರೋ ಹಿಂದೆ ಉಳಿದುಬಿಡುತ್ತದೆ. ಅಲ್ಲಿಂದ ಮುಂದೆ ದಕ್ಷಿಣಕ್ಕೆ ಹೋಗುವುದೇ ತಪ್ಪಿಹೋದ ಲೆಕ್ಕ.

ಹಕ್ ಅನ್ನೋ ಹುಡುಗ ನಿಜವಾಗ್ಲೂ ಇದ್ದನಾ?

ಇದ್ದ. ಟ್ವೈನ್ ಬೆಳೆದ ಹ್ಯಾನಿಬಲ್ ಊರಿನ ಟಾಮ್ ಬ್ಲ್ಯಾಂಕನ್‌ಶಿಪ್, ಊರ ಕುಡುಕನ ಮಗ. ನನಗೆ ಅವನಿಗಿಂತ ಮುಖ್ಯ ಅನ್ನಿಸುವುದು ಅವನ ಅಣ್ಣ ಬೆನ್ಸನ್. ನಡುಗಡ್ಡೆಯಲ್ಲಿ ಅಡಗಿದ್ದ ಒಬ್ಬ ಪರಾರಿ ಗುಲಾಮನಿಗೆ ಬೆನ್ಸನ್ ಗುಟ್ಟಾಗಿ ಊಟ ಮುಟ್ಟಿಸುತ್ತಿದ್ದ. ಹಿಡಿದುಕೊಟ್ಟಿದ್ದರೆ ಬಹುಮಾನ ಸಿಗುತ್ತಿತ್ತು, ಆ ಮನೆಗೆ ದುಡ್ಡಿನ ಅಗತ್ಯವೂ ಇತ್ತು. ಆದರೂ ಹಿಡಿದುಕೊಡಲಿಲ್ಲ. ಕಾದಂಬರಿಯ ಬೀಜ ಅಲ್ಲೇ ಇದೆ.

## ಹಕ್ ಮತ್ತು ಅವನ ಮನಸ್ಸಾಕ್ಷಿ

ನೀತಿ ಹುಡುಕಿದವರನ್ನ ಗಡೀಪಾರು ಮಾಡ್ತೀನಿ ಅಂತ ಲೇಖಕನೇ ಬರ್ದಿದ್ದಾನಲ್ಲ? ನೀವ್ಯಾಕೆ ಹುಡುಕ್ತೀರಿ?

ಉದ್ದೇಶ ಹುಡುಕಿದವರ ಮೇಲೆ ಕೇಸು, ನೀತಿ ಹುಡುಕಿದವರಿಗೆ ಗಡೀಪಾರು, ಕಥಾವಸ್ತು ಹುಡುಕಿದವರಿಗೆ ಗುಂಡು. ಹೌದು, ಮೊದಲ ಪುಟದ ನೋಟೀಸೇ ಅದು. ಆಗಿನ ಮಕ್ಕಳ ಪುಸ್ತಕಗಳಲ್ಲಿ ಒಳ್ಳೆಯ ಹುಡುಗನಿಗೆ ಬಹುಮಾನ, ಕೆಟ್ಟ ಹುಡುಗನಿಗೆ ಶಿಕ್ಷೆ. ಟ್ವೈನ್ ಆ ಸಂಡೇಸ್ಕೂಲ್ ಕಥೆಗಳನ್ನು ಅಣಕಿಸುತ್ತಿದ್ದಾನೆ. ಗಡೀಪಾರಾದರೆ ಆಗಲಿ ಬಿಡಿ.

ಹಕ್ ಕದೀತಾನೆ, ಬಾಯಿಬಿಟ್ರೆ ಸುಳ್ಳು. ಅವನನ್ನ ದೊಡ್ಡ ನೈತಿಕ ಪಾತ್ರ ಅಂತ ಹೇಗೆ ಹೊಗಳ್ತಾರೆ?

ಅವನು ಯಾವಾಗ, ಯಾರಿಗೋಸ್ಕರ ಸುಳ್ಳು ಹೇಳುತ್ತಾನೆ ಅಂತ ನೋಡಿ. ಹದಿನಾರನೇ ಅಧ್ಯಾಯದಲ್ಲಿ ಜಿಮ್‌ನನ್ನು ಹಿಡಿದುಕೊಡಲೇಬೇಕು ಅಂತ ಮನಸ್ಸು ಗಟ್ಟಿಮಾಡಿ ದಡಕ್ಕೆ ಹೊರಟಿರುತ್ತಾನೆ. ಬಂದೂಕು ಹಿಡಿದ ಇಬ್ಬರು ಎದುರಾಗುತ್ತಾರೆ, ಪರಾರಿ ಗುಲಾಮರನ್ನು ಹುಡುಕುತ್ತಿರುವವರು. ತೆಪ್ಪದ ಮೇಲಿರುವವನು ಬಿಳಿಯನೋ ಕಪ್ಪೋ ಅಂತ ಕೇಳುತ್ತಾರೆ. ಹಕ್‌ಗೆ ನಾಲಿಗೆ ಏಳುವುದಿಲ್ಲ. ಕೊನೆಗೆ "ಬಿಳಿಯ" ಅನ್ನುತ್ತಾನೆ. ನೋಡಿಯೇ ಬರುತ್ತೇವೆ ಅಂದಾಗ ಅವನು ತಡೆಯುವುದಿಲ್ಲ, ಬನ್ನಿ ಬನ್ನಿ ಅಂತ ಅಂಗಲಾಚುತ್ತಾನೆ: ಅಪ್ಪನಿಗೆ ಹುಷಾರಿಲ್ಲ, ತೆಪ್ಪ ಎಳೆಯೋಕೆ ಸಹಾಯ ಮಾಡಿ, ಯಾರನ್ನ ಕೇಳಿದರೂ ಓಡಿಹೋಗುತ್ತಾರೆ. ಅಷ್ಟು ಸಾಕು. ಸಿಡುಬು ಅಂತ ಅವರೇ ಊಹಿಸಿಕೊಂಡು ಹಿಂದೆ ಸರಿಯುತ್ತಾರೆ. ಪಾಪಪ್ರಜ್ಞೆಗೆ ಇಬ್ಬರೂ ತಲಾ 20 ಡಾಲರಿನ ಚಿನ್ನದ ನಾಣ್ಯವನ್ನು ಒಂದು ಹಲಗೆಯ ಮೇಲಿಟ್ಟು ತೇಲಿಬಿಡುತ್ತಾರೆ.

ಆ ಇಬ್ಬರೂ ರಾಕ್ಷಸರಲ್ಲ. ರೋಗಿಯ ಮಗನಿಗೆ ಮರುಗಿ ದುಡ್ಡು ಕೊಡುವವರು, ಮನುಷ್ಯರನ್ನು ಬೇಟೆಯಾಡಲು ಹೊರಟಿದ್ದಾರೆ. ಸುಳ್ಳು ಹೇಳಿದ ಹುಡುಗ ಮಾತ್ರ ತಾನು ಕೆಟ್ಟವನು ಅಂತ ಕೊರಗುತ್ತಾ ಕೂರುತ್ತಾನೆ.

"ನರಕಕ್ಕೆ ಹೋಗ್ತೀನಿ" ಅನ್ನೋ ಜಾಗ ಯಾಕೆ ಅಷ್ಟು ಫೇಮಸ್ಸು?

ಮೂವತ್ತೊಂದನೇ ಅಧ್ಯಾಯ. ಜೊತೆಗೆ ಗಂಟುಬಿದ್ದಿದ್ದ ಇಬ್ಬರು ಮೋಸಗಾರರಲ್ಲಿ 'ರಾಜ' ಅನ್ನಿಸಿಕೊಂಡವನು ಜಿಮ್‌ನನ್ನು 40 ಡಾಲರಿಗೆ ಮಾರಿದ್ದಾನೆ. ಹಕ್ ಒಬ್ಬನೇ. ಸಂಡೇಸ್ಕೂಲಿಗೆ ಹೋಗಿದ್ದರೆ ಹೀಗಾಗುತ್ತಿರಲಿಲ್ಲ, ಕಪ್ಪು ಮನುಷ್ಯನನ್ನು ಓಡಿಸಿದವನು ನರಕದ ಬೆಂಕಿಗೆ ಬೀಳುತ್ತಾನೆ ಅನ್ನುವುದು ನೆನಪಾಗಿ ನಡುಗುತ್ತಾನೆ. ಮಂಡಿಯೂರುತ್ತಾನೆ. ಪ್ರಾರ್ಥನೆ ಬರುವುದಿಲ್ಲ. ದೇವರ ಮುಂದೆ ಸುಳ್ಳು ನಡೆಯಲ್ಲ ಅಂತ ಹೊಳೆಯುತ್ತದೆ. ಸರಿ, ಮೊದಲು ಕಾಗದ ಬರೆಯೋಣ ಅಂತ ಮಿಸ್ ವಾಟ್ಸನ್‌ಗೆ ಎರಡು ಸಾಲು ಬರೆಯುತ್ತಾನೆ: ನಿಮ್ಮ ಜಿಮ್ ಇಲ್ಲಿದ್ದಾನೆ, ಬಹುಮಾನ ಕಳಿಸಿದರೆ ಬಿಟ್ಟುಕೊಡುತ್ತಾರೆ. ಬರೆದದ್ದೇ ತಡ, ಪಾಪ ಎಲ್ಲ ತೊಳೆದುಹೋದ ಹಾಗೆ ಹಗುರ.

ಆಮೇಲೆ ಪ್ರಾರ್ಥನೆ ಮಾಡುವ ಬದಲು ಯೋಚಿಸುತ್ತಾ ಕೂತುಬಿಡುತ್ತಾನೆ. ಅಲ್ಲೇ ಎಲ್ಲ ತಿರುಗುತ್ತದೆ. ವಾದ ಇಲ್ಲ, ತತ್ವ ಇಲ್ಲ. ನೆನಪಾಗುವುದು ಸಣ್ಣ ಸಣ್ಣದು: ತನ್ನ ಪಾಳಿ ಮುಗಿದ ಮೇಲೂ ಜಿಮ್ ಇವನನ್ನು ಎಬ್ಬಿಸದೆ ಇವನ ಕಾವಲನ್ನೂ ತಾನೇ ಕಾದದ್ದು, ಮಂಜಿನಿಂದ ಇವನು ವಾಪಸ್ ಬಂದಾಗ ಹಿಗ್ಗಿದ್ದು, ನೀನೇ ನನಗಿರುವ ಒಬ್ಬನೇ ಸ್ನೇಹಿತ ಅಂದದ್ದು. ತಲೆಯೆತ್ತಿದರೆ ಎದುರಿಗೆ ಆ ಕಾಗದ. ಉಸಿರು ಬಿಗಿಹಿಡಿದು ಒಂದು ನಿಮಿಷ ಯೋಚಿಸಿ, ಸರಿ ಹಾಗಾದರೆ, ನರಕಕ್ಕೇ ಹೋಗುತ್ತೇನೆ ಅಂದುಕೊಂಡು ಹರಿದುಹಾಕುತ್ತಾನೆ.

ನರಕ ಅನ್ನುವುದು ಅವನಿಗೆ ಮಾತಿನ ಅಲಂಕಾರ ಅಲ್ಲ, ನಂಬಿಯೇ ಹೇಳಿದ್ದು. ಮೊದಲ ಅಧ್ಯಾಯದಲ್ಲಿ ಮಿಸ್ ವಾಟ್ಸನ್ ನರಕದ ಭಯ ಹುಟ್ಟಿಸಿದಾಗ ಹಕ್, ಗೆಳೆಯ ಟಾಮ್ ಕೂಡ ಅಲ್ಲಿಗೇ ಬರುತ್ತಾನಲ್ಲ, ಒಳ್ಳೆಯದಾಯಿತು ಅಂತ ಖುಷಿಪಟ್ಟಿದ್ದ. ಅಲ್ಲಿ ಜೋಕಾಗಿದ್ದದ್ದು ಇಲ್ಲಿ ಬೆಲೆಯಾಗಿ ಬರುತ್ತದೆ. ಈ ಎರಡೂ ಜಾಗವನ್ನು ಒಟ್ಟಿಗೆ ಓದಿ.

ಅಂದ್ರೆ ಕೊನೆಗೆ ಅವನಿಗೆ ಗುಲಾಮಗಿರಿ ತಪ್ಪು ಅಂತ ಅರ್ಥ ಆಯ್ತು?

ಇಲ್ಲ! ಸಿನಿಮಾ ಮಾಡುವವರಿಗೆ ಇದು ಸಹಿಸಲಾಗದ ವಿಷಯ. ಕಾಗದ ಹರಿದ ಮುಂದಿನ ಅಧ್ಯಾಯದಲ್ಲೇ ಸ್ಟೀಮ್‌ಬೋಟಿನ ಎಂಜಿನ್ ಸಿಡಿದ ಕಥೆ ಕಟ್ಟುತ್ತಾನೆ. ಯಾರಿಗಾದರೂ ಪೆಟ್ಟಾಯಿತಾ ಅಂತ ಟಾಮ್‌ನ ಚಿಕ್ಕಮ್ಮ ಸ್ಯಾಲಿ (ಜಿಮ್‌ನನ್ನು ಕೂಡಿಹಾಕಿರುವುದು ಅವಳ ಮನೆಯಲ್ಲೇ) ಕೇಳಿದರೆ, ಇಲ್ಲ, ಒಬ್ಬ ಕಪ್ಪು ಆಳು ಸತ್ತ ಅನ್ನುತ್ತಾನೆ. ಪುಣ್ಯ, ಒಮ್ಮೊಮ್ಮೆ ಜನರಿಗೇ ಪೆಟ್ಟಾಗುತ್ತೆ ಅಂತ ಆ ಒಳ್ಳೆಯ ಹೆಂಗಸು ನಿಟ್ಟುಸಿರುಬಿಡುತ್ತಾಳೆ. ಟಾಮ್‌ನಂಥ ಮರ್ಯಾದಸ್ಥ ಮನೆಯ ಹುಡುಗ ಗುಲಾಮನನ್ನು ಬಿಡಿಸಲು ಒಪ್ಪಿದಾಗಲೂ ಹಕ್‌ಗೆ ಆಘಾತವೇ, ಗೆಳೆಯ ಕಣ್ಣಲ್ಲಿ ಇಳಿದುಬಿಟ್ಟ ಹಾಗೆ. ಹಕ್‌ಗೆ ಜಿಮ್ ಒಬ್ಬ ಅರ್ಥವಾದ, ಗುಲಾಮಗಿರಿ ಅರ್ಥವಾಗಲಿಲ್ಲ. ನನ್ನ ಮಟ್ಟಿಗೆ ಈ ಪುಸ್ತಕದ ಅಸಲಿ ಧೈರ್ಯ ಇದು. ಹುಡುಗನ ಬಾಯಿಗೆ 1865ರ ನಂತರದ ಭಾಷಣ ತುರುಕಲಿಲ್ಲ.

ಹುಡುಗನ ಬಾಯಲ್ಲೇ ಯಾಕೆ ಹೇಳಿಸಿದ? ದೊಡ್ಡವರೊಬ್ಬರು ಹೇಳಬಹುದಿತ್ತಲ್ಲ?

1875ರಲ್ಲಿ, 'ಟಾಮ್ ಸಾಯರ್' ಮುಗಿಸಿದ ಹೊತ್ತಿಗೆ, ಗೆಳೆಯ ಹವೆಲ್ಸ್‌ಗೆ ಬರೆದ ಪತ್ರದಲ್ಲಿ ಟ್ವೈನ್ ಒಂದು ಆಸೆ ಹೇಳಿಕೊಂಡಿದ್ದ: ಹನ್ನೆರಡು ವರ್ಷದ ಒಬ್ಬ ಹುಡುಗನನ್ನು ಹಿಡಿದು, ಅವನ ಮಾತಿನಲ್ಲೇ ಬದುಕೆಲ್ಲ ಓಡಿಸಬೇಕು, ಆದರೆ ಟಾಮ್ ಅದಕ್ಕೆ ಒಗ್ಗುವವನಲ್ಲ. ಸರಿಯಾಗಿಯೇ ಹೇಳಿದ. ಟಾಮ್ ಕಥೆ ಪುಸ್ತಕಗಳನ್ನು ಓದಿ ಕೆಟ್ಟವನು, ಕಂಡದ್ದರಲ್ಲೆಲ್ಲ ದರೋಡೆಕೋರರನ್ನೂ ರಾಜಕುಮಾರರನ್ನೂ ಕಾಣುತ್ತಾನೆ. ಹಕ್ ಕಂಡದ್ದನ್ನು ಕಂಡಹಾಗೆ ಹೇಳುತ್ತಾನೆ, ತೀರ್ಪು ಕೊಡುವುದಿಲ್ಲ.

ಗ್ರೇಂಜರ್‌ಫರ್ಡ್ ಮನೆಯ ಅಧ್ಯಾಯಗಳು ಇದಕ್ಕೆ ಒಳ್ಳೆಯ ಉದಾಹರಣೆ. ಆ ಮನೆತನಕ್ಕೂ ಶೆಫರ್ಡ್‌ಸನ್‌ರಿಗೂ ಮೂವತ್ತು ವರ್ಷದ ದ್ವೇಷ, ಯಾಕೆ ಶುರುವಾಯಿತು ಅಂತ ಯಾರಿಗೂ ಗೊತ್ತಿಲ್ಲ. ಭಾನುವಾರ ಎರಡೂ ಕಡೆಯವರು ಒಂದೇ ಚರ್ಚಿಗೆ ಬಂದೂಕು ಹಿಡಿದು ಬಂದು, ಮಂಡಿಗಳ ನಡುವೆ ಇಟ್ಟುಕೊಂಡು, ಸಹೋದರ ಪ್ರೇಮದ ಪ್ರವಚನ ಕೇಳುತ್ತಾರೆ. ಮನೆಗೆ ಬರುವಾಗ ಪ್ರವಚನ ಚೆನ್ನಾಗಿತ್ತು ಅಂತ ಮಾತಾಡಿಕೊಳ್ಳುತ್ತಾರೆ. ಹಕ್ ನಗುವುದಿಲ್ಲ, ನಮಗೆ ನಗು ಬರುತ್ತದೆ. ಹೆಚ್ಚು ಹೊತ್ತು ಅಲ್ಲ. ಹಕ್‌ನ ವಯಸ್ಸಿನವನೇ ಆದ, ಆ ಮನೆಯ ಹುಡುಗ ಬಕ್ ಗುಂಡು ತಿಂದು ನದಿಯಲ್ಲಿ ಸತ್ತಿರುತ್ತಾನೆ. ಹೆಣ ಎಳೆದು ದಡಕ್ಕೆ ಹಾಕಿ, ಮುಖ ಮುಚ್ಚುವಾಗ ಸ್ವಲ್ಪ ಅತ್ತೆ, ನನ್ನನ್ನ ಚೆನ್ನಾಗಿ ನೋಡಿಕೊಂಡಿದ್ದ ಅಂತ ಹಕ್ ಹೇಳುತ್ತಾನೆ. ಅಷ್ಟೇ. ಹುಡುಗತನ ಚಂದ ಅನ್ನುವ ಅಮೆರಿಕದ ಕಥೆಗಳ ಸಾಲಿನಲ್ಲಿ ಈ ಪುಟ ಬೇರೆಯೇ ನಿಲ್ಲುತ್ತದೆ.

## ಜಿಮ್

ಜಿಮ್ ಪೆದ್ದನ ಹಾಗೆ ಕಾಣ್ತಾನೆ. ದೆವ್ವ, ಶಕುನ ಅಂತ. ಲೇಖಕ ಅವನನ್ನ ಆಡಿಕೊಳ್ತಿದ್ದಾನಾ?

ಕೆಲವು ಕಡೆ ಹೌದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆ ಕಾಲದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಆಟಗಳು ಜೋರಾಗಿದ್ದವು, ಟ್ವೈನ್‌ಗೆ ಅವು ಪ್ರಾಣ. ಕಪ್ಪು ಕಾದಂಬರಿಕಾರ ರಾಲ್ಫ್ ಎಲಿಸನ್ 1958ರ ಒಂದು ಪ್ರಬಂಧದಲ್ಲಿ ಹೇಳಿದ ಮಾತು ನನಗೆ ಸರಿ ಕಾಣುತ್ತದೆ: ಟ್ವೈನ್ ಜಿಮ್‌ನನ್ನು ಆ ಮುಖವಾಡದ ಅಚ್ಚಿಗೇ ಹೊಂದಿಸಿದ, ಜಿಮ್‌ನ ಘನತೆ ನಮಗೆ ಕಾಣುವುದು ಆ ಮುಖವಾಡದ ಹಿಂದಿನಿಂದ.

ಮುಖವಾಡ ಜಾರುವ ಎರಡು ಜಾಗ ಹೇಳುತ್ತೇನೆ. ಒಂದು, ಮಂಜಿನ ರಾತ್ರಿಯ ಮರುದಿನ. ಹಕ್ ತಪ್ಪಿಸಿಕೊಂಡು ವಾಪಸ್ ಬಂದು, ನಾನೆಲ್ಲೂ ಹೋಗೇ ಇಲ್ಲ, ನಿನಗೆ ಕನಸು ಬಿದ್ದಿರಬೇಕು ಅಂತ ನಂಬಿಸುತ್ತಾನೆ. ನಿಜ ಗೊತ್ತಾದಾಗ ಜಿಮ್ ತೆಪ್ಪದ ಮೇಲಿನ ಕಸಕಡ್ಡಿ ತೋರಿಸಿ ಹೇಳುತ್ತಾನೆ: ಸ್ನೇಹಿತನ ತಲೆ ಮೇಲೆ ಮಣ್ಣು ಹಾಕಿ ಅವನಿಗೆ ನಾಚಿಕೆ ಮಾಡಿಸುವವರೂ ಇಂಥ ಕಸವೇ. ಎದ್ದು ಗುಡಿಸಲೊಳಗೆ ಹೋಗುತ್ತಾನೆ, ಬೇರೆ ಮಾತಿಲ್ಲ. ಹಕ್ ಹೋಗಿ ಕ್ಷಮೆ ಕೇಳಲು ಮನಸ್ಸು ಮಾಡಿಕೊಳ್ಳುವುದಕ್ಕೆ ಹದಿನೈದು ನಿಮಿಷ ಬೇಕಾಗುತ್ತದೆ. ಬಿಳಿ ಹುಡುಗ ಕಪ್ಪು ಮನುಷ್ಯನ ಮುಂದೆ ತಗ್ಗುವುದು ಅಂದರೆ ಆಗ ಅಷ್ಟು ದೊಡ್ಡ ಸಂಗತಿ.

ಇನ್ನೊಂದು, ಇಪ್ಪತ್ತಮೂರನೇ ಅಧ್ಯಾಯದ ಕೊನೆ. ಬೆಳಗಿನ ಜಾವ ಜಿಮ್ ತಲೆ ಮಂಡಿಗಳ ನಡುವೆ ಇಟ್ಟುಕೊಂಡು ನರಳುತ್ತಾನೆ. ನಾಲ್ಕು ವರ್ಷದ ಮಗಳು ಎಲಿಜಬೆತ್‌ಗೆ ಸ್ಕಾರ್ಲೆಟ್ ಜ್ವರ ಬಂದು ವಾಸಿಯಾಗಿತ್ತು. ಬಾಗಿಲು ಹಾಕು ಅಂದ, ಮಗು ನಗುತ್ತಾ ನಿಂತಿತ್ತು. ಕಪಾಳಕ್ಕೆ ಹೊಡೆದ. ಆಮೇಲೆ ಗಾಳಿಗೆ ಬಾಗಿಲು ಧಡಾರ್ ಅಂತ ಬಿತ್ತು, ಮಗು ಕದಲಲಿಲ್ಲ. ಜ್ವರದಲ್ಲಿ ಕಿವಿ ಹೋಗಿತ್ತು. ಇದನ್ನು ಕೇಳುವ ಮುಂಚೆ ಹಕ್, ಬಿಳಿಯರಿಗೆ ತಮ್ಮವರ ಮೇಲೆ ಇರುವಷ್ಟೇ ಪ್ರೀತಿ ಇವನಿಗೂ ಇರಬಹುದು, ಸಹಜ ಅನ್ನಿಸಲ್ಲ, ಆದರೆ ಇರಬಹುದು ಅಂದುಕೊಳ್ಳುತ್ತಾನೆ. ಆ "ಸಹಜ ಅನ್ನಿಸಲ್ಲ" ಅನ್ನುವುದನ್ನು ಓದದೆ ಬಿಡಬೇಡಿ.

ಆ ಕೆಟ್ಟ ಪದ ಪುಸ್ತಕದ ತುಂಬ ಇದೆ. ತೆಗೆದುಹಾಕಿ ಅಚ್ಚುಹಾಕಿದ್ರೆ ಏನು ತಪ್ಪು?

ಎನ್-ಪದ, ಅಂದರೆ ಕಪ್ಪು ಜನರನ್ನು ಹೀಯಾಳಿಸುವ ಬೈಗುಳ, ಇನ್ನೂರಕ್ಕೂ ಜಾಸ್ತಿ ಸಲ ಬರುತ್ತದೆ. 2011ರಲ್ಲಿ ಅಲಬಾಮದ ನ್ಯೂಸೌತ್ ಬುಕ್ಸ್ ಹಾಗೆಯೇ ಒಂದು ಆವೃತ್ತಿ ತಂದಿತು. ಸಂಪಾದಕ ಅಲನ್ ಗ್ರಿಬನ್, ಟ್ವೈನ್ ವಿದ್ವಾಂಸನೇ. ಆ ಪದದ ಜಾಗದಲ್ಲೆಲ್ಲ ಗುಲಾಮ ಅನ್ನುವ ಪದ ಹಾಕಿದ. ಶಾಲೆಯವರು ಪುಸ್ತಕವನ್ನೇ ಬಿಡುವುದಕ್ಕಿಂತ ಇದು ಮೇಲು ಅನ್ನುವುದು ಅವನ ವಾದ. ದೊಡ್ಡ ಗಲಾಟೆಯಾಯಿತು.

ನನ್ನ ಆಕ್ಷೇಪ ಸರಳ. ಗುಲಾಮ ಅನ್ನುವುದು ಕಾನೂನಿನ ಸ್ಥಿತಿ, ಆ ಬೈಗುಳ ಚರ್ಮಕ್ಕೆ ಅಂಟಿದ್ದು. ಆರನೇ ಅಧ್ಯಾಯದಲ್ಲಿ ಹಕ್‌ನ ಅಪ್ಪ ಕುಡಿದು ಸರ್ಕಾರವನ್ನು ಬೈಯುತ್ತಾನೆ: ಒಹಾಯೊದಿಂದ ಬಂದ ಒಬ್ಬ ಕಪ್ಪು ಮನುಷ್ಯ ಕಾಲೇಜಿನಲ್ಲಿ ಪ್ರೊಫೆಸರ್, ಹಲವು ಭಾಷೆ ಬರುತ್ತದೆ, ತನ್ನೂರಲ್ಲಿ ಓಟೂ ಹಾಕುತ್ತಾನಂತೆ, ಇನ್ನು ನಾನು ಓಟೇ ಹಾಕಲ್ಲ! ಆ ಪ್ರೊಫೆಸರ್ ಗುಲಾಮನೇ ಅಲ್ಲ, ಅದೇ ಕುಡುಕನ ಹೊಟ್ಟೆಕಿಚ್ಚು. ಅಲ್ಲಿ ಗುಲಾಮ ಅಂತ ತಿದ್ದಿದರೆ ಮಾತಿಗೆ ಅರ್ಥವೇ ಉಳಿಯೋದಿಲ್ಲ. ಆದರೆ ನಲವತ್ತು ಬಿಳಿ ಮಕ್ಕಳ ನಡುವೆ ಒಬ್ಬಳೇ ಕಪ್ಪು ಹುಡುಗಿ ಕೂತಿರುವ ಕ್ಲಾಸಿನಲ್ಲಿ ಅದನ್ನು ಜೋರಾಗಿ ಓದಿಸಬೇಕಾ ಅಂದರೆ, ಖಂಡಿತ ಬೇಡ. ಪುಸ್ತಕ ತಿದ್ದದೆಯೂ ಪಾಠದ ಕ್ರಮ ತಿದ್ದಬಹುದು.

ಟ್ವೈನ್ ಯಾವ ಪಾರ್ಟಿ? ಗುಲಾಮಗಿರಿ ಪರವೋ ವಿರುದ್ಧವೋ?

ಹುಟ್ಟಿ ಬೆಳೆದಿದ್ದು ಗುಲಾಮರಿದ್ದ ಮನೆಯಲ್ಲಿ. ಬಾಲ್ಯದಲ್ಲಿ ಅದರಲ್ಲಿ ತಪ್ಪೇನಾದರೂ ಇದೆ ಅಂತ ಅನ್ನಿಸಿರಲೇ ಇಲ್ಲ, ಚರ್ಚಿನಲ್ಲೂ ಅದು ದೇವರಿಗೆ ಒಪ್ಪಿಗೆ ಅಂತಲೇ ಹೇಳುತ್ತಿದ್ದರು ಅಂತ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಲ್ಲೇ ಸ್ಯಾಂಡಿ ಅನ್ನುವ ಹುಡುಗನ ಪ್ರಸಂಗ ಬರುತ್ತದೆ. ದೂರದ ಮೇರಿಲ್ಯಾಂಡಿನಿಂದ ತಂದ ಪುಟ್ಟ ಗುಲಾಮ ಹುಡುಗ, ದಿನವಿಡೀ ಹಾಡುತ್ತಾ ಕಿರುಚುತ್ತಾ ಇರುತ್ತಿದ್ದ. ಅವನ ಬಾಯಿ ಮುಚ್ಚಿಸು ಅಂತ ಸ್ಯಾಮ್ (ಟ್ವೈನ್‌ನ ನಿಜ ಹೆಸರು ಅದು) ತಾಯಿಯ ಹತ್ತಿರ ಸಿಡುಕಿದ. ತಾಯಿಯ ಕಣ್ಣು ತುಂಬಿತು: ಹಾಡುತ್ತಿದ್ದರೆ ಅವನಿಗೆ ಅಮ್ಮನ ನೆನಪಾಗುತ್ತಿಲ್ಲ ಅಂತ, ಸುಮ್ಮನಾದರೆ ನೆನಪಾಗಿದೆ ಅಂತ. ಅಷ್ಟು ಮರುಗುವ ತಾಯಿಗೂ ಗುಲಾಮಗಿರಿ ತಪ್ಪು ಅನ್ನಿಸಿರಲಿಲ್ಲ.

1861ರಲ್ಲಿ ಕೆಲವೇ ವಾರ ದಕ್ಷಿಣದ ಪರ ಒಂದು ಸ್ಥಳೀಯ ದಂಡಿನಲ್ಲಿದ್ದು ಜಾಗ ಖಾಲಿ ಮಾಡಿದ. 1870ರಲ್ಲಿ ಮದುವೆಯಾದ ಒಲಿವಿಯಾ ಲ್ಯಾಂಗ್‌ಡನ್‌ಳ ಮನೆತನ ಗುಲಾಮಗಿರಿಯ ಕಡು ವಿರೋಧಿ. ಅವಳ ಕಡೆಯವರ ತೋಟದಮನೆಯ ಅಡುಗೆಯಾಕೆ ಮೇರಿ ಆನ್ ಕಾರ್ಡ್ ತನ್ನ ಮಕ್ಕಳನ್ನು ಹರಾಜಿನಲ್ಲಿ ಕಿತ್ತುಕೊಂಡದ್ದನ್ನು ಹೇಳಿದ್ದು ಕೇಳಿ, 1874ರಲ್ಲಿ ಅದನ್ನು ಕಥೆ ಮಾಡಿದ. ಹಕಲ್‌ಬೆರಿ ಬಂದ ವರ್ಷವೇ, 1885ರಲ್ಲಿ, ಯೇಲ್ ಕಾನೂನು ಕಾಲೇಜಿನ ಕಪ್ಪು ವಿದ್ಯಾರ್ಥಿ ವಾರ್ನರ್ ಮೆಗ್ವಿನ್‌ನ ಖರ್ಚು ಹೊತ್ತ. ಅವರ ಮನುಷ್ಯತ್ವವನ್ನು ಅರೆದುಹಾಕಿದವರು ನಾವು, ನಾಚಿಕೆ ನಮ್ಮದು ಅಂತ ಪತ್ರದಲ್ಲಿ ಬರೆದ. ಮೂಲ ನಿವಾಸಿಗಳ ವಿಷಯಕ್ಕೆ ಬಂದರೆ ಮಾತ್ರ ಅವನು ಬರೆದದ್ದರಲ್ಲಿ ಬಹಳಷ್ಟು ಓದಲು ಹೇಸಿಗೆ ಅನ್ನಿಸುತ್ತದೆ. ಅದೂ ಅವನೇ.

ಟ್ವೈನ್ ಇಂಡಿಯಾಕ್ಕೆ ಬಂದಿದ್ದನಂತೆ? ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಇದೆ. 1896ರ ಜನವರಿಯಲ್ಲಿ ಮುಂಬೈಗೆ ಬಂದಿಳಿದ. ಹೋಟೆಲಿನಲ್ಲಿ ಧಡೂತಿ ಜರ್ಮನ್ ಒಬ್ಬ, ಏನು ತಪ್ಪು ಅಂತಲೂ ಹೇಳದೆ ಒಬ್ಬ ಆಳಿನ ದವಡೆಗೆ ಬಾರಿಸಿದ. ಆಳು ತುಟಿ ಪಿಟಕ್ಕೆನ್ನಲಿಲ್ಲ. ಐವತ್ತು ವರ್ಷದಿಂದ ಇಂಥದ್ದು ನೋಡಿರಲಿಲ್ಲ, ಒಂದೇ ಕ್ಷಣದಲ್ಲಿ ಬಾಲ್ಯಕ್ಕೆ ಹೋಗಿಬಿಟ್ಟೆ ಅಂತ ಟ್ವೈನ್ ಪ್ರವಾಸದ ಪುಸ್ತಕದಲ್ಲಿ ಬರೆದಿದ್ದಾನೆ. ಅಪ್ಪ ಸಭ್ಯ ಮನುಷ್ಯ, ಮಕ್ಕಳನ್ನು ಹೊಡೆದವನೇ ಅಲ್ಲ ಅನ್ನಬಹುದು, ಆದರೆ ಗುಲಾಮ ಹುಡುಗ ಲೂಯಿಸ್‌ಗೆ ಸಣ್ಣಪುಟ್ಟದಕ್ಕೂ ಏಟು. ತನಗೆ ಹತ್ತು ವರ್ಷವಿದ್ದಾಗ ಒಬ್ಬ ಕಬ್ಬಿಣದ ಅದಿರಿನ ಗಟ್ಟಿಯನ್ನು ಗುಲಾಮನ ತಲೆಗೆ ಎಸೆದು ಕೊಂದದ್ದೂ ಆಗಲೇ ನೆನಪಾಯಿತು. ಸತ್ತವನಿಗಾಗಿ ಊರು ಮರುಗಲಿಲ್ಲ, ಅಷ್ಟು ಬೆಲೆಯ ಆಳು ಹೋಯಿತಲ್ಲ ಅಂತ ಒಡೆಯನಿಗಾಗಿ ಮರುಗಿತು.

## ವಾದ ವಿವಾದ

ಜನಾಂಗದ್ವೇಷ ಇದೆ ಅಂತ ಬಂದ ತಕ್ಷಣವೇ ಬ್ಯಾನ್ ಮಾಡಿದ್ರಂತೆ?

ಬ್ಯಾನ್ ಆದದ್ದು ನಿಜ, ಕಾರಣ ಬೇರೆ. 1885ರ ಮಾರ್ಚಿನಲ್ಲಿ ಮಸಾಚುಸೆಟ್ಸ್‌ನ ಕಾಂಕರ್ಡ್ ಗ್ರಂಥಾಲಯ ಹೊರಗಿಟ್ಟಿದ್ದು ಒರಟು, ಕೊಳಕು, ಮರ್ಯಾದಸ್ಥರು ಓದುವಂಥದ್ದಲ್ಲ ಅಂತ. ಹುಡುಗ ಬೀಡಾಡಿ, ವ್ಯಾಕರಣ ಕೆಟ್ಟದ್ದು. ಗುಲಾಮಗಿರಿಯ ಮಾತೇ ಇಲ್ಲ. ಟ್ವೈನ್‌ಗೆ ಖುಷಿಯೋ ಖುಷಿ, ಇದರಿಂದ ಇನ್ನೂ 25,000 ಪ್ರತಿ ಹೋಗುತ್ತವೆ ಅಂದ. ಜನಾಂಗದ ಕಾರಣದ ಆಕ್ಷೇಪ ಜೋರಾದದ್ದು 1950ರ ದಶಕದಿಂದ, ಕಪ್ಪು ಮಕ್ಕಳು ಬಿಳಿ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕೂರಲು ಶುರುವಾದ ಮೇಲೆ. ಅಂದರೆ ಅಲ್ಲಿಯವರೆಗೆ ಆಕ್ಷೇಪಿಸಬೇಕಾದವರು ಆ ಕೋಣೆಯಲ್ಲೇ ಇರಲಿಲ್ಲ.

ಕೊನೆಯ ಹತ್ತು ಹನ್ನೆರಡು ಅಧ್ಯಾಯ ತಡೆಯೋಕಾಗಲ್ಲ. ಟಾಮ್ ಬಂದು ಎಲ್ಲ ಹಾಳು ಮಾಡಿದ. ಸರಿ ತಾನೇ?

ಹೆಮಿಂಗ್ವೇ ನಿಮ್ಮ ಕಡೆ. ಆಧುನಿಕ ಅಮೆರಿಕನ್ ಸಾಹಿತ್ಯವೆಲ್ಲ ಈ ಒಂದು ಪುಸ್ತಕದಿಂದ ಬಂತು ಅಂತ 1935ರಲ್ಲಿ ಬರೆದವನೇ, ಜಿಮ್‌ನನ್ನು ಕದ್ದಲ್ಲಿಗೆ ಓದು ನಿಲ್ಲಿಸಿ, ಮುಂದಿನದು ಮೋಸ ಅಂದ. ವಿಮರ್ಶಕ ಟ್ರಿಲಿಂಗ್ ಮತ್ತು ಕವಿ ಎಲಿಯಟ್ ಕೊನೆಯನ್ನು ಸಮರ್ಥಿಸಿದರು. 1953ರಲ್ಲಿ ಲಿಯೋ ಮಾರ್ಕ್ಸ್ ಅನ್ನುವ ವಿಮರ್ಶಕ ಇಬ್ಬರಿಗೂ ಉತ್ತರ ಕೊಟ್ಟು, ಈ ಪ್ರಯಾಣದ ಅರ್ಥಕ್ಕೇ ಇದು ದ್ರೋಹ ಅಂದ.

ಏನಾಗುತ್ತದೆ ನೋಡಿ. ಜಿಮ್ ಇರುವುದು ಒಂದು ಗುಡಿಸಲಲ್ಲಿ, ಸರಪಳಿ ಮಂಚದ ಕಾಲಿಗೆ. ಮಂಚ ಎತ್ತಿದರೆ ಬಿಡುಗಡೆ. ಟಾಮ್‌ಗೆ ಅದು ಸಾಲದು. ಕಥೆ ಪುಸ್ತಕದ ಕೈದಿಗಳ ಹಾಗೆ ಹಾವು, ಇಲಿ, ಜೇಡ ಬೇಕು, ಹಗ್ಗದ ಏಣಿಯನ್ನು ಕಡುಬಿನೊಳಗೆ ಬೇಯಿಸಿ ಕಳಿಸಬೇಕು, ಕಲ್ಲಿನ ಮೇಲೆ ದುಃಖದ ಸಾಲು ಕೊರೆಯಬೇಕು. ಅದಕ್ಕೆ ಒಂದು ಸಾಣೆಕಲ್ಲು ಬೇಕಾಗುತ್ತದೆ. ಹುಡುಗರಿಬ್ಬರಿಗೂ ಉರುಳಿಸಲು ಆಗುವುದಿಲ್ಲ. ಹೋಗಿ ಜಿಮ್‌ನನ್ನೇ ಕರೆಯುತ್ತಾರೆ. ಅವನು ಮಂಚ ಎತ್ತಿ, ಸರಪಳಿ ಬಿಡಿಸಿ ಕತ್ತಿಗೆ ಸುತ್ತಿಕೊಂಡು, ಹೊರಗೆ ಬಂದು, ಕಲ್ಲನ್ನು ತನ್ನ ಸೆರೆಮನೆಯೊಳಕ್ಕೇ ಉರುಳಿಸಿ, ಮತ್ತೆ ಸರಪಳಿಗೆ ಸೇರಿಕೊಳ್ಳುತ್ತಾನೆ. ಟಾಮ್ ನಿಂತು ಸೂಚನೆ ಕೊಡುತ್ತಿರುತ್ತಾನೆ. ಇಷ್ಟಾಗಿ, ಮಿಸ್ ವಾಟ್ಸನ್ ಎರಡು ತಿಂಗಳ ಹಿಂದೆಯೇ ಸತ್ತಿದ್ದಳು, ಉಯಿಲಿನಲ್ಲಿ ಜಿಮ್‌ನನ್ನು ಬಿಡುಗಡೆ ಮಾಡಿದ್ದಳು. ಟಾಮ್‌ಗೆ ಅದು ಮೊದಲಿಂದಲೂ ಗೊತ್ತಿತ್ತು!

1877ರಲ್ಲಿ, ದಕ್ಷಿಣದ ಕೊನೆಯ ರಾಜ್ಯಗಳಲ್ಲಿ ಕಾವಲಿದ್ದ ಕೇಂದ್ರದ ಸೈನ್ಯ ಹಿಂದೆ ಸರಿಯಿತು. ಕಾಗದದಲ್ಲಿ ಸ್ವತಂತ್ರರಾದವರನ್ನು ಮತ್ತೆ ಕಟ್ಟಿಹಾಕುವ ಕೆಲಸ ಶುರುವಾಯಿತು. ಆಗಲೇ ಬಿಡುಗಡೆಯಾದವನನ್ನು ಬಿಳಿಯರ ಮೋಜಿಗೆ ಸರಪಳಿಯಲ್ಲಿ ಇಡುವ ಈ ಕೊನೆಯನ್ನು ಆ ಕಾಲದ ವಿಡಂಬನೆಯಾಗಿ ಓದುವವರಿದ್ದಾರೆ. ಆ ಓದು ನನಗೆ ಒಪ್ಪಿಗೆ. ಆದರೂ ಹೇಳಬೇಕು, ವಿಡಂಬನೆಗೆ ಇಷ್ಟು ಪುಟ ಬೇಕಿರಲಿಲ್ಲ, ಟ್ವೈನ್‌ಗೆ ಟಾಮ್‌ನ ತುಂಟಾಟದಲ್ಲಿ ಮಜಾ ಬರುತ್ತಿರುವುದೂ ಕಾಣುತ್ತದೆ. ಕೊನೆಗೆ ಟಾಮ್ ಜಿಮ್‌ಗೆ 40 ಡಾಲರ್ ಕೊಡುತ್ತಾನೆ. ಗುಲಾಮರನ್ನು ಹುಡುಕುತ್ತಿದ್ದ ಆ ಇಬ್ಬರು ತೇಲಿಬಿಟ್ಟದ್ದು ಒಟ್ಟು 40, ರಾಜ ಜಿಮ್‌ನನ್ನು ಮಾರಿದ್ದೂ 40ಕ್ಕೆ.

ಮನಸ್ಸಾಕ್ಷಿ ಹೇಳಿದ ಹಾಗೆ ನಡೀಬೇಕು ಅಂತಾರೆ. ಹಕ್ ಉಲ್ಟಾ ಮಾಡಿದ. ಅದು ಹೇಗೆ ಸರಿಯಾಯ್ತು?

ತತ್ವಶಾಸ್ತ್ರದವರು ಇದನ್ನು ಇನ್ನೂ ಬಿಟ್ಟಿಲ್ಲ. 1974ರಲ್ಲಿ ಜೊನಾಥನ್ ಬೆನೆಟ್, ಹಕ್‌ನ ಮನಸ್ಸಾಕ್ಷಿ ಬಗ್ಗೆ ಒಂದು ಲೇಖನ ಬರೆದ. ಅವನ ಪ್ರಕಾರ ಹಕ್‌ನ ನೀತಿ ಕೆಟ್ಟದ್ದು, ಕರುಣೆ ಒಳ್ಳೆಯದು, ಎರಡರ ಜಗಳದಲ್ಲಿ ಕರುಣೆ ಗೆದ್ದಿತು. ಪಕ್ಕದಲ್ಲಿ ನಾಜಿ ನಾಯಕ ಹಿಮ್ಲರ್‌ನನ್ನು ಇಟ್ಟ: ಅವನಿಗೂ ಕರುಣೆ ಇತ್ತು, ಅದನ್ನು ತನ್ನ ಕೆಟ್ಟ ನೀತಿಗಾಗಿ ಅದುಮಿದ. 2003ರಲ್ಲಿ ನೋಮಿ ಆರ್ಪಲಿ ಬೇರೆ ವಾದ ಹೂಡಿದಳು. ಬರೀ ಕರುಣೆ ಅಂದರೆ ಹಕ್‌ಗೆ ಅನ್ಯಾಯ. ತೆಪ್ಪದ ಮೇಲೆ ಅಷ್ಟು ದಿನ ಕೂಡಿದ್ದು ಮಾತಾಡಿ, ಜಿಮ್ ತನ್ನಂತೆಯೇ ಒಬ್ಬ ಮನುಷ್ಯ ಅನ್ನುವುದನ್ನು ಹಕ್ ಕಂಡುಕೊಂಡಿದ್ದಾನೆ, ಅದನ್ನು ಹೇಳಲು ಅವನ ಹತ್ತಿರ ಮಾತಿಲ್ಲ ಅಷ್ಟೇ. ಸರಿಯಾದ ಕಾರಣಕ್ಕೇ ಸರಿಯಾದದ್ದು ಮಾಡಿದ, ಕಾರಣ ಏನು ಅಂತ ತನಗೇ ಗೊತ್ತಿಲ್ಲದೆ.

ನನ್ನ ಓಟು ಆರ್ಪಲಿಗೆ. ಕಾಗದದ ದೃಶ್ಯದಲ್ಲಿ ಹಕ್‌ಗೆ ನೆನಪಾಗುವುದು ಜಿಮ್‌ನ ಕಷ್ಟವಲ್ಲ, ಜಿಮ್‌ನ ನಡತೆ. ಹಕ್ ಮನಸ್ಸಾಕ್ಷಿ ಅಂದುಕೊಂಡಿರುವುದು ಊರಿನ ದನಿ: ಮಿಸ್ ವಾಟ್ಸನ್, ಚರ್ಚು, ಶೆರೀಫ್ ಎಲ್ಲರೂ ಒಟ್ಟಿಗೆ ಒಳಗೆ ಕೂತು ಮಾತಾಡುತ್ತಿದ್ದಾರೆ.

ಜಿಮ್ ಹೆಂಡತಿ ಮಕ್ಕಳು ಏನಾದ್ರು? ಅವನ ಕಡೆಯಿಂದ ಯಾರಾದ್ರೂ ಬರ್ದಿದ್ದಾರಾ?

ಹೆಂಡತಿ ಮಿಸ್ ವಾಟ್ಸನ್ ಮನೆ ಹತ್ತಿರದ ಒಂದು ತೋಟದಲ್ಲಿ ಗುಲಾಮಳು. ದುಡಿದು ಅವಳನ್ನು ಕೊಳ್ಳಬೇಕು, ಇಬ್ಬರೂ ದುಡಿದು ಇಬ್ಬರು ಮಕ್ಕಳನ್ನು ಕೊಳ್ಳಬೇಕು, ಒಡೆಯ ಮಾರದಿದ್ದರೆ ಕದಿಸಬೇಕು. ಇದು ಜಿಮ್‌ನ ಪ್ಲ್ಯಾನು. ಸ್ವಂತ ಮಕ್ಕಳನ್ನು ಕದಿಯುವ ಮಾತು ಕೇಳಿ ಹಕ್ ಹೌಹಾರುತ್ತಾನೆ. ಕೊನೆಯ ಅಧ್ಯಾಯದಲ್ಲಿ ಜಿಮ್ ಸ್ವತಂತ್ರ, ಊರಿಗೆ ಹೋದರೆ ಪಂಜಿನ ಮೆರವಣಿಗೆ ಮಾಡಿಸೋಣ ಅಂತೆಲ್ಲ ಟಾಮ್ ಲೆಕ್ಕ ಹಾಕಿದ್ದ. ಹೆಂಡತಿ ಮಕ್ಕಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಹಕ್ ಕೂಡ. ಟ್ವೈನ್ ಕೂಡ.

ಪರ್ಸಿವಲ್ ಎವರೆಟ್ 2024ರಲ್ಲಿ 'ಜೇಮ್ಸ್' ಬರೆದಿದ್ದು ಈ ಖಾಲಿ ಜಾಗದಿಂದಲೇ. ಕಥೆ ಹೇಳುವವನು ಜಿಮ್. ಓದು ಬರಹ ಬಲ್ಲವನು, ಬಿಳಿಯರ ಮುಂದೆ ಮಾತ್ರ ಬೇಕಂತಲೇ ಪೆದ್ದನ ಹಾಗೆ ಮಾತಾಡುತ್ತಾನೆ, ಮಕ್ಕಳಿಗೂ ಅದನ್ನು ಕಲಿಸುತ್ತಾನೆ. ಆ ವರ್ಷದ ನ್ಯಾಷನಲ್ ಬುಕ್ ಅವಾರ್ಡ್, 2025ರ ಪುಲಿಟ್ಜರ್ ಎರಡೂ ಅದಕ್ಕೆ ಬಂದವು. ಟ್ವೈನ್ ಮೊದಲು ಓದಿ, ಇದು ಆಮೇಲೆ.

ಕೊನೆಗೆ ಹಕ್ "ಟೆರಿಟರಿ"ಗೆ ಓಡಿಹೋಗ್ತೀನಿ ಅಂತಾನಲ್ಲ, ಅದು ಎಲ್ಲಿ?

ಈಗಿನ ಓಕ್ಲಹೋಮ ಕಡೆಯ ಇಂಡಿಯನ್ ಟೆರಿಟರಿ. ಸ್ಯಾಲಿ ಚಿಕ್ಕಮ್ಮ ದತ್ತು ತೆಗೆದುಕೊಂಡು ನಾಗರಿಕನನ್ನಾಗಿ ಮಾಡುತ್ತಾಳೆ, ಅದು ಒಮ್ಮೆ ಅನುಭವಿಸಿ ಆಗಿದೆ ಅಂತ ಹಕ್ ಅಲ್ಲಿಗೆ ಹೊರಡುತ್ತಾನೆ. ಸ್ವಾತಂತ್ರ್ಯದ ಸಾಲು ಅಂತ ಎಲ್ಲರೂ ಮೆಚ್ಚುವ ಜಾಗ. ಆದರೆ ಕಥೆಯ ಕಾಲದಲ್ಲಿ ಆ ನೆಲಕ್ಕೆ ಹೊಸದಾಗಿ ಬಂದಿದ್ದವರು ಚೆರೊಕೀ ಮೊದಲಾದ ಜನ, 1830ರ ಕಾನೂನಿನ ಮೇಲೆ ಸ್ವಂತ ಊರುಗಳಿಂದ ಹೊರದಬ್ಬಿಸಿಕೊಂಡವರು. 1838–39ರ ಆ ದಾರಿಯಲ್ಲಿ ಸಾವಿರಾರು ಚೆರೊಕೀಗಳು ಸತ್ತರು. ಬಿಳಿ ಹುಡುಗನ ಸಾಹಸಕ್ಕೆ ಖಾಲಿ ಬಯಲು ಅನ್ನಿಸಿದ್ದು ಅವರಿಗೆ ಗಡೀಪಾರಿನ ಜಾಗ. ಹಕ್, ಟಾಮ್, ಜಿಮ್ ಮೂವರನ್ನೂ ಪಶ್ಚಿಮಕ್ಕೆ ಕಳಿಸುವ ಮುಂದುವರಿಕೆಯನ್ನು ಟ್ವೈನ್ 1884ರಲ್ಲೇ ಶುರುಮಾಡಿದ. ಕೆಲವು ಅಧ್ಯಾಯ ಬರೆದು, ಒಂದು ವಾಕ್ಯದ ನಡುವೆಯೇ ಕೈಬಿಟ್ಟ.